ಮಾರ್ಕೋನಹಳ್ಳಿಯ ನೀರಿನಲ್ಲಿ ಅಕ್ಕ

ಮರಳೂರಿನ ನಮ್ಮ ಪಕ್ಕದ ಮನೆಯ ಮುಂದೆ ಬೆಳಗ್ಗೆ ಒಂದು ಲೋಡ್ ಮರಳು ಸುರಿದು ಹೋದರು. ಆ ಹಸಿ ವಾಸನೆಗೆ ಎಂದಿನದೋ ಒಂದು ಭಾನುವಾರ ಕಣ್ಣ ಮುಂದೆ ಬಂತು.

ಮದುವೆಯಾದ ವರ್ಷದೊಳಗೇ ಭಾವ ಲಾರಿ ಅಪಘಾತದಲ್ಲಿ ತೀರಿಕೊಂಡು, ಅಕ್ಕ ಗುಬ್ಬಿಯ ನಮ್ಮ ಮನೆಗೆ ವಾಪಸಾಗಿದ್ದಳು. ಮಾತೇ ನಿಲ್ಲಿಸಿಬಿಟ್ಟಿದ್ದಳು. ಅವಳ ಮನಸ್ಸು ಸ್ವಲ್ಪ ಹಗುರಾಗಲೆಂದು ಅಪ್ಪ ನಮ್ಮನ್ನೆಲ್ಲ ಬಸ್ಸಿನಲ್ಲಿ ಹುಲಿಯೂರುದುರ್ಗಕ್ಕೆ ಕರೆದುಕೊಂಡು ಹೋದರು. ಮೇಷ್ಟರಾಗಿದ್ದ ಅವರು ಹಾಳುಬಿದ್ದ ಕೋಟೆಯ ಒಂದೊಂದು ಗೋಡೆಯನ್ನೂ ಕೊಡೆಯ ತುದಿಯಿಂದ ತೋರಿಸುತ್ತ ಪಾಠ ಮಾಡಿದರು. ಅಕ್ಕ ಒಮ್ಮೆಯೂ ತಲೆ ಎತ್ತಲಿಲ್ಲ.

ಮಧ್ಯಾಹ್ನ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋಗಿ, ಮಾರ್ಕೋನಹಳ್ಳಿ ಜಲಾಶಯದ ದಡದಲ್ಲಿ ಕೂತು ಚಿತ್ರಾನ್ನ ತಿಂದೆವು. ನಾನು ಒದ್ದೆ ಮರಳಲ್ಲಿ ಗೂಡು ಕಟ್ಟುತ್ತಿದ್ದೆ. ಅಮ್ಮ ಕಿರುಚಿದ್ದು ಕೇಳಿ ತಿರುಗಿದರೆ, ಅಕ್ಕ ಸೊಂಟದವರೆಗೆ ನೀರಿನಲ್ಲಿದ್ದಳು. ಇನ್ನೂ ಮುಂದೆ ಹೋಗುತ್ತಲೇ ಇದ್ದಳು.

ಅಪ್ಪ ಪಂಚೆ, ಕೋಟು, ಕನ್ನಡಕದ ಸಮೇತ ನೀರಿಗಿಳಿದರು. "ನಿಂತ್ಕೊ ಮಗಾ, ನಾನೂ ಬರ್ತೀನಿ" ಎಂದು ಕೂಗುತ್ತಲೇ ಎಡವಿ ಮುಳುಗಿ ಎದ್ದರು. ಅಕ್ಕ ತಿರುಗಿ ನೋಡಿದಳು. ಆಮೇಲೆ ತಾನೇ ಬಂದು ಅವರ ಕೈ ಹಿಡಿದು ದಡಕ್ಕೆ ಕರೆತಂದಳು.

ಒದ್ದೆ ಬಟ್ಟೆಯಲ್ಲೇ ಬಸ್ಸು ಹತ್ತಿದೆವು. ಗುಬ್ಬಿ ಬರುವವರೆಗೂ ಅಪ್ಪ ಅವಳ ಕೈ ಬಿಡಲಿಲ್ಲ. ನಮ್ಮ ಮನೆಯಲ್ಲಿ ಮತ್ತೆ ಯಾರೂ ಆ ದಿನದ ಮಾತೆತ್ತಲಿಲ್ಲ.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಇವತ್ತು ಅಕ್ಕನಿಗೆ ಫೋನ್ ಮಾಡಿ ಮೊದಲ ಸಲ ಕೇಳಿದೆ, "ಅವತ್ತು ಯಾಕಕ್ಕಾ ವಾಪಸ್ ಬಂದೆ?"

"ಅಪ್ಪಂಗೆ ಈಜು ಬರ್ತಿರ್ಲಿಲ್ಲ ಕಣೇ" ಎಂದಳು.