ನೀರು ಎಲ್ಲಿಂದ ಬಂತು

"ದಾಸ್ತಾನಿನ ಅವಧಿಯಲ್ಲಿ ತೇವಾಂಶ ಹೆಚ್ಚಾಗಿ ಮೊದಲ ವರ್ಷದ ಮೆಣಸಿನಕಾಯಿ ಕೆಟ್ಟಿತು. ಎರಡನೆಯ ವರ್ಷ ಒಣಗಿಸುವ ವಿಧಾನವನ್ನು ಬದಲಿಸಿ ಒಂದು ಚೀಲವೂ ವಾಪಸು ಬರದಂತೆ ನೋಡಿಕೊಂಡೆ."

ಕೆಲಸದ ಅರ್ಜಿಗೆಂದು ಈ ಎರಡು ವಾಕ್ಯ ಬರೆಯಲು ನನಗೂ ಅಕ್ಕಾರಿಗೂ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎರಡು ಮಧ್ಯಾಹ್ನವೂ ಇರಬಹುದು. ಹಾವೇರಿಯ ಅವರ ಮನೆಯ ಮುಂಗೋಣೆ, ಗೋಡೆಗೆ ಒರಗಿಸಿದ ಮೇಜು, ನಡುವೆ ಮೊರದಲ್ಲಿ ಶೇಂಗಾ. ಅಲ್ಲಿಗೆ ಹೋದವರು ಶೇಂಗಾ ಸುಲಿಯುತ್ತಲೇ ಮಾತಾಡಬೇಕು. ಕೈಗೆ ಕೆಲಸವಿದ್ದರೆ ಬಾಯಿ ಸುಳ್ಳು ಹೇಳುವುದಿಲ್ಲ ಎಂಬುದು ಅಕ್ಕಾರ ನಂಬಿಕೆ. ಆ ನಂಬಿಕೆ ತಪ್ಪೆಂದು ತೋರಿಸಿದವನು ನಾನು.

ಅಕ್ಕಾರು ನಿವೃತ್ತ ನರ್ಸ್. ವಯಸ್ಸಿನಲ್ಲಿದ್ದಾಗ ಹೊರದೇಶಕ್ಕೆ ಸ್ವಯಂಸೇವಕಿಯಾಗಿ ಹೋಗಿ ಬಂದವರು. ನಮ್ಮಂಥವರನ್ನು ಕಳಿಸುವ ಸಂಸ್ಥೆ, ಹಿಂದಿರುಗಿದ ನಮ್ಮ ಕಡೆಯವರನ್ನು ಅವರಿಗೆ ಒಪ್ಪಿಸಿತ್ತು. ಅಲ್ಲಿ ಮಾಡಿದ್ದನ್ನು ಇಲ್ಲಿಯವರಿಗೆ ತಿಳಿಯುವ ಮಾತಿನಲ್ಲಿ ಬರೆಸಬೇಕು, ಸಂದರ್ಶನಕ್ಕೆ ತಯಾರು ಮಾಡಬೇಕು, ಮತ್ತೆ ಒಂದು ಕೆಲಸ ಹಿಡಿಯುವವರೆಗೆ ಬೆನ್ನಿಗಿರಬೇಕು. ಅದಕ್ಕಾಗಿ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸುಲಿದ ಶೇಂಗಾವನ್ನೂ ಹೊರಡುವಾಗ ನಮ್ಮ ಕಿಸೆಗೇ ಸುರಿಯುತ್ತಿದ್ದರು.

ನಾನು ಬ್ಯಾಡಗಿಯವನು. ಕೃಷಿ ಡಿಪ್ಲೊಮಾ ಓದಿ ಊರಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದೆ. ಅದನ್ನು ಬಿಟ್ಟು ಎರಡು ವರ್ಷ ಮಲಾವಿಗೆ ಹೋದೆ. ಆ ದೇಶದಲ್ಲಿ ದೊಡ್ಡ ಸರೋವರವೊಂದರ ದಂಡೆಯ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಗುಂಪೊಂದು ಮೆಣಸಿನಕಾಯಿ ಬೆಳೆಯುತ್ತಿತ್ತು. ಅವರಿಗೆ ಒಣಗಿಸುವುದನ್ನೂ ಚೀಲ ತುಂಬುವುದನ್ನೂ ಕಲಿಸುವುದು ನನ್ನ ಕೆಲಸ. ಯಾಕೆ ಹೋದೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಯಾವುದನ್ನೂ ಈಗ ಇಲ್ಲಿ ಬರೆಯುವ ಧೈರ್ಯವಿಲ್ಲ.

ಬಂದ ವಾರವೇ ಮಾರ್ಕೆಟ್ ಯಾರ್ಡಿನ ಗೇಟಿನಲ್ಲಿ ಅಪ್ಪನ ಜೊತೆ ಹಮಾಲಿ ಮಾಡುತ್ತಿದ್ದ ಕಾಕಾ ಹಿಡಿದು ನಿಲ್ಲಿಸಿದ.

"ಏನಪಾ, ದುಬೈನಿಂದ ಏನ್ ತಂದಿ?"

"ದುಬೈ ಅಲ್ಲ ಕಾಕಾ, ಆಫ್ರಿಕಾ."

"ಎಲ್ಯರ ಇರಲಿ. ಪಗಾರ ಎಷ್ಟ ಕೊಡ್ತಿದ್ರು?"

"ಪಗಾರ ಇಲ್ಲ. ಊಟ, ಇರಾಕ ಮನಿ, ಅಷ್ಟ."

"ಹಂಗಾರ ಬಿಟ್ಟಿ ದುಡಿಯಾಕ ವಿಮಾನದಾಗ ಹೋಗಿದ್ದೇನು? ನನಗ ಹೇಳಿದ್ರ ಇಲ್ಲೇ ಹೊರಸ್ತಿದ್ನಲ್ಲೋ ಚೀಲಾ. ವಿಮಾನದ ಖರ್ಚರ ಉಳೀತಿತ್ತು."

ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಕೋಲ್ಡ್ ಸ್ಟೋರೇಜಿನವರು ನಗಲಿಲ್ಲ. ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು. ಇನ್ನೆರಡು ಕಡೆ ಅರ್ಜಿ ಕೊಟ್ಟೆ. ನಡುವಿನ ಎರಡು ವರ್ಷ ಮನೆಯಲ್ಲಿ ಕೂತಿದ್ದಿರಾ ಎಂದು ಕೇಳಿದರು. ಹಾಗೆ ಹಾವೇರಿಯ ಮುಂಗೋಣೆಗೆ ಬಂದವನು ನಾನು.

ಕೆಲಸ ಬೇಕಾಗಿದ್ದುದು ನನಗೊಬ್ಬನಿಗೇ ಅಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ನಾನು ಹೋಗುವಾಗ ಅವಳಿಗೆ ಕೆಮ್ಮು ಇತ್ತು. ಬಂದಾಗ ಕೆಮ್ಮೇ ಅವಳಾಗಿತ್ತು. ಡಾಕ್ಟರು ಔಷಧಿ ಬರೆಯುವ ಮೊದಲು ಮೆಣಸಿನಕಾಯಿಯ ಘಾಟಿನಿಂದ ದೂರ ಇರಬೇಕು ಎಂದಿದ್ದರು. ಮಗನಿಗೆ ಕೆಲಸ ಸಿಕ್ಕ ದಿನ ಬಿಡುತ್ತೇನೆಂದು ಅಮ್ಮ ಗೋದಾಮಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಈಗ ಆ ಮೊದಲ ವರ್ಷ.

ತೀರಾ ಒಣಗಿದ ಕಾಯಿಯನ್ನು ಚೀಲಕ್ಕೆ ಒತ್ತಿ ತುಂಬಿದರೆ ಮುರಿದು ಪುಡಿಯಾಗುತ್ತದೆ. ಅದಕ್ಕೆ ನಮ್ಮಲ್ಲಿ ತುಂಬುವ ಮುಂಚೆ ಕೈಯಿಂದ ಅಷ್ಟು ನೀರು ಚಿಮುಕಿಸಿ ಮುಚ್ಚಿಡುವುದುಂಟು. ಕಾಯಿ ಮೆತ್ತಗಾಗಿ ಬಾಗುತ್ತದೆ, ಬಣ್ಣವೂ ಎದ್ದು ಕಾಣುತ್ತದೆ. ಮರುದಿನ ಚೀಲ ಮಾರುಕಟ್ಟೆಯಲ್ಲಿ ಇರುತ್ತದೆ, ಇಲ್ಲವೆ ಕೋಲ್ಡ್ ಸ್ಟೋರೇಜಿನಲ್ಲಿ. ಅಮ್ಮ ಬಕೆಟ್ಟಿಗೆ ಬೆರಳು ಅದ್ದಿ ಮಣಿಕಟ್ಟು ತಿರುಗಿಸಿ ಎರಚುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅಲ್ಲಿ ಆ ಸರೋವರದ ದಂಡೆಯಲ್ಲಿ ನನ್ನ ಮಣಿಕಟ್ಟೂ ಹಾಗೇ ತಿರುಗಿತು. ಹೀಗೆ ಮಾಡಿ ಎಂದು ತೋರಿಸಿದೆ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾಡಿದರು. ಎರಡು ದಿನದಲ್ಲಿ ಬರಬೇಕಾದ ಲಾರಿ ಮೂರು ವಾರ ಬರಲಿಲ್ಲ. ಚೀಲ ಬಿಚ್ಚಿದಾಗ ಒಳಗೆಲ್ಲ ಬೆಳ್ಳನೆಯ ಬೂಷ್ಟು. ಆ ವರ್ಷದ ಅವರ ದುಡಿಮೆಯನ್ನು ಗುಂಡಿ ತೋಡಿ ಮುಚ್ಚಿದೆವು.

ಇದನ್ನು ನಾನು ಅಕ್ಕಾರಿಗೆ ಶೇಂಗಾ ಸುಲಿಯುತ್ತ ಹೇಳಿದೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನೀವು ಎದುರಿಸಿದ ಒಂದು ಕಷ್ಟ ಯಾವುದು, ಏನು ಮಾಡಿದಿರಿ, ಫಲವೇನು. ನಾನು 'ನೀರು' ಎಂದು ಬರೆದದ್ದನ್ನು ಅಕ್ಕಾರು ಹೊಡೆದುಹಾಕಿದರು.

"ನೀರು ಅಂತ ಬರೀಬ್ಯಾಡ ತಮ್ಮಾ. ನೀರು ಅಂದ್ರ ಯಾರ್ ಹಾಕಿದ್ರು ಅಂತ ಕೇಳ್ತಾರ. ತೇವಾಂಶ ಅನ್ನು."

"ಸುಳ್ಳಾಗೂದಿಲ್ಲೇನ್ರಿ ಅಕ್ಕಾರ?"

"ಪೇಶಂಟಿಗೆ ಜ್ವರ ಬಂತು ಅಂತ ಬರೀತೀವಿ. ಹ್ಯಾಂಗ್ ಬಂತು ಅನ್ನೂ ಪುರಾಣ ಕೇಸ್ ಪೇಪರಿನ್ಯಾಗ ಯಾರ್ ಬರೀತಾರ? ಮುಂದಿಂದು ಹೇಳು, ಎರಡನೇ ವರ್ಷ ಏನ್ ಮಾಡಿದಿ?"

ಎರಡನೆಯ ವರ್ಷ ಕಾಯಿಯನ್ನು ನೆಲದ ಮೇಲೆ ಹರವದೆ ಬಿದಿರಿನ ಎತ್ತರದ ಅಟ್ಟಣೆಯ ಮೇಲೆ, ನೆರಳು ಬಿಸಿಲು ಬೆರೆಸಿ, ಮುರಿಯದಷ್ಟೇ ಒಣಗಿಸಿದೆವು. ನೀರಿನ ಅಗತ್ಯವೇ ಬೀಳಲಿಲ್ಲ. ಅಟ್ಟಣೆ ನನ್ನ ಯೋಜನೆ ಎಂದೆ. ಅಂದಾಗ ಅದು ನಿಜವೆಂದೇ ನನಗೆ ಗೊತ್ತಿತ್ತು.

ಸಂದರ್ಶನಕ್ಕೆ ಕರೆ ಬಂದದ್ದು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಿಂದ. ಮೆಣಸಿನಕಾಯಿ, ಟೊಮೆಟೊ ಬೀಜಗಳನ್ನು ಒಣಗಿಸಿ ಪ್ಯಾಕ್ ಮಾಡುವ ಅವರ ಘಟಕಕ್ಕೆ ಸೂಪರ್‌ವೈಜರ್ ಬೇಕಿತ್ತು. ಬೀಜದಲ್ಲಿ ಕೊಂಚ ಹೆಚ್ಚು ತೇವ ಉಳಿದರೂ ಮುಂದೆ ಮೊಳಕೆ ಬರುವುದಿಲ್ಲ, ಆದ್ದರಿಂದ ಅಲ್ಲಿ ಮಾತೆಲ್ಲ ತೇವದ್ದೇ. ಘಟಕದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅಂಗೈಯಲ್ಲಿ ನಾಲ್ಕು ಬೀಜ ಹೊರಳಿಸುತ್ತ ನನ್ನ ಕಾಗದ ಓದಿದರು. ಹೊರಗೆ ಸೋನೆ ಹಿಡಿದಿತ್ತು.

"ತೇವಾಂಶ ಹೆಚ್ಚಾತು ಅಂತ ಬರದೀರಿ. ನೀರ್ ಎಲ್ಲಿಂದ ಬಂತ್ರಿ?"

ಅಮ್ಮನ ಕೆಮ್ಮು ನೆನಪಾಯಿತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕರುಣೆ ಬರುತ್ತದೆ. ಆ ಗಳಿಗೆಯಲ್ಲಿ ನನಗೆ ಏನೂ ನೆನಪಾಗಲಿಲ್ಲ. ಕಿಟಕಿಯಾಚೆ ಕಂಡದ್ದನ್ನೇ ಹೇಳಿದೆ.

"ಮಳಿ ಬಿತ್ರಿ."

"ಯಾವ ತಿಂಗಳು?"

"ಜುಲೈ."

"ಜುಲೈ ಅಂದಮ್ಯಾಲೆ ಬೀಳೂದ ಬಿಡ್ರಿ," ಎಂದು ಅವರು ಕಾಗದ ಮಡಚಿದರು. "ನಮಗ ಬೇಕಾದಂಥವರದೀರಿ ನೀವು. ಅಲ್ಲೆ ನಿಮ್ಮ ಕೆಲಸ ಕಣ್ಣಾರೆ ನೋಡಿದವರ ಕಡೆಯಿಂದ ಒಂದು ಪತ್ರ ತರಸ್ರಿ. ಅದು ಬಂದ ದಿನ ಆರ್ಡರ್ ಕೊಡ್ತೀನಿ."

ತಿಂಗಳನ್ನು ಮಾತ್ರ ನಾನು ಸರಿಯಾಗಿ ಹೇಳಿದ್ದೆ. ಆ ದೇಶದ ಜುಲೈ ನಮ್ಮ ಜನವರಿಯಂತೆ. ಆಕಾಶ ತೊಳೆದಿಟ್ಟಷ್ಟು ಖಾಲಿ.

ಸಂಸ್ಥೆಯ ಮೂಲಕ ಹೇಳಿ ಕಳಿಸಿದ ಮೇಲೆ ಪತ್ರ ಅಕ್ಕಾರ ಮೊಬೈಲಿಗೆ ಬಂತು. ಮಲಾವಿಯ ಆ ಗುಂಪಿನ ಮುಖ್ಯಸ್ಥೆಗೆ ಓದುಬರಹ ಇಲ್ಲ. ಅವಳು ಹೇಳಿದ್ದನ್ನು ಹಳ್ಳಿಯ ಮಾಸ್ತರರು ಇಂಗ್ಲಿಷಿನಲ್ಲಿ ಕೈಯಿಂದ ಬರೆದು ಫೋಟೊ ತೆಗೆದು ಕಳಿಸಿದ್ದರು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ನನ್ನ ಕೈಯಲ್ಲಿ ಅದು ಎಷ್ಟು ಬದಲಾಗಿದೆಯೋ ಕಾಣೆ:

"ಅವನು ನಮ್ಮ ಜೊತೆ ನೆಲದ ಮೇಲೆ ಕೂತು ಉಂಡ. ಮೊದಲ ವರ್ಷ ಒಣಗಿದ ಕಾಯಿಗೆ ನೀರು ಹಾಕಲು ಹೇಳಿದ. ಮೋಡವೇ ಇಲ್ಲದ ಕಾಲದಲ್ಲಿ ಮಳೆಯನ್ನು ಕೈಯಲ್ಲೇ ತಂದಿದ್ದಾನೆ ಎಂದು ನಮ್ಮ ಹುಡುಗಿಯರು ನಕ್ಕರು. ನೀರು ತಾಕಿದ ಕಾಯಿ ಕೊಳೆಯುತ್ತದೆ ಎಂದು ನಮಗೆ ಗೊತ್ತಿತ್ತು. ದೂರದಿಂದ ಬಂದ ಅತಿಥಿ, ಅವರ ಊರಿನ ವಿದ್ಯೆ ಇರಬಹುದು ಎಂದು ಸುಮ್ಮನಿದ್ದೆವು. ಕೇಳಿದ್ದರೆ ಹೇಳುತ್ತಿದ್ದೆವು. ಎರಡನೆಯ ವರ್ಷ ಕೇಳಿದ. ನಮ್ಮ ತಾಯಂದಿರು ಮೀನು ಒಣಗಿಸುವ ಅಟ್ಟಣೆಯನ್ನು ತೋರಿಸಿದೆವು. ಅದರ ಮೇಲೆ ಕಾಯಿ ಒಣಗಿಸಿದೆವು. ಒಳ್ಳೆಯ ಮನುಷ್ಯ. ಕೆಲಸ ಕೊಡಿ."

ಅಕ್ಕಾರ ಕೈ ಮೊರದ ಮೇಲೆ ನಿಂತಿತ್ತು.

"ಗೊತ್ತಿತ್ತಂತ ಅವರಿಗೆ," ಎಂದೆ.

"ಹೂಂ."

"ಅಟ್ಟಣಿನೂ ಅವರದಂತ."

"ಅದನ್ನೂ ಓದಿದೆ." ಮೊಬೈಲನ್ನು ಮೊರದ ಪಕ್ಕ ಇಟ್ಟು ಹೇಳಿದರು, "ಸಾಹೇಬ್ರಿಗೆ ಮಳಿ ಅಂದೀಯಲ್ಲ. ಇದನ್ನ ಕೊಟ್ರ ಕೆಲಸ ಹೋಗತೈತಿ. ಇನ್ನೊಂದ್ ಪತ್ರ ತರಸೂಣೇನು? ಒಳ್ಳೆ ಮನಿಷ್ಯಾ, ಕೆಲಸ ಕೊಡ್ರಿ. ಎರಡ ಸಾಲ ಸಾಕು. ಅವರು ಇಲ್ಲ ಅನ್ನೂದಿಲ್ಲ."

ಇಲ್ಲ ಅನ್ನುವುದಿಲ್ಲ ಎಂಬುದನ್ನೇ ನನಗೆ ತಾಳಲಾಗಲಿಲ್ಲ. ನೀರು ಹಾಕಿ ಎಂದಾಗಲೂ ಅವರು ಇಲ್ಲ ಅಂದಿರಲಿಲ್ಲ.

"ನೀವು ವಾಪಸ್ ಬಂದಾಗ ನಿಮ್ಮ ಕಾಗದದಾಗ ಏನ್ ಬರದಿದ್ರಿ ಅಕ್ಕಾರ?"

"ನಾನಾ? ಭಾಳ ಚಲೋ ಬರದಿದ್ದೆ," ಎಂದರು. "ಅದಕ್ಕ ನಿನಗ ಕಲಿಸಾಕ ಬಂತು." ಸುಲಿದಷ್ಟು ಶೇಂಗಾವನ್ನು ನನ್ನ ಕಿಸೆಗೆ ಸುರಿದರು.

ಮನೆಗೆ ಬಂದು ಮಲಾವಿಯ ನನ್ನ ನೋಟುಪುಸ್ತಕ ಹುಡುಕಿ ತೆಗೆದೆ. ಎರಡು ವರ್ಷದ ನಾಚಿಕೆಯನ್ನು ನಾನು ಅಚ್ಚುಕಟ್ಟಾಗಿ ಮಡಚಿಟ್ಟುಕೊಂಡಿದ್ದೆ: ತಪ್ಪು ನನ್ನೊಬ್ಬನದು, ತಿದ್ದಿದವನೂ ನಾನೊಬ್ಬನೇ. ಅಟ್ಟಣೆಯ ಚಿತ್ರ ಅಲ್ಲಿತ್ತು, ಕಾಲುಗಳ ಅಳತೆ, ಬಿದಿರಿನ ಸಂದು, ಎಲ್ಲವೂ ನನ್ನದೇ ಕೈಬರಹ. ಅಟ್ಟಣೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಮೀನುಗಳನ್ನು ಬಿಡಿಸಿದ್ದೆ. ಯಾವಾಗ ಬಿಡಿಸಿದೆ, ಯಾರು ತೋರಿಸಿದ್ದನ್ನು ನೋಡಿ, ಒಂದೂ ನೆನಪಿಲ್ಲ. ಅಳತೆಗಳು ಮಾತ್ರ ನೆನಪಿನಲ್ಲಿ ಉಳಿದು ಮೀನುಗಳು ಹೋಗಿದ್ದವು.

ಅಮ್ಮ ಗೋದಾಮಿನಿಂದ ಬಂದು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಲ್ಲ ಹೇಳಿದೆ. ನಾವು ಮನೆಯಲ್ಲಿ ಉರ್ದು ಆಡುತ್ತೇವೆ, ಆದರೆ ಮೆಣಸಿನಕಾಯಿಯ ಮಾತು ಬಂದರೆ ಅಮ್ಮ ತಾನಾಗಿ ಕನ್ನಡಕ್ಕೆ ಹೊರಳುತ್ತಾಳೆ.

"ಎಷ್ಟ್ ದಿನಾ ಇಟ್ರಿ ಆ ಚೀಲಾ?"

"ಮೂರು ವಾರ."

"ತೌಬಾ! ನೀರ್ ಹೊಡದ್ ಚೀಲ ಮರುದಿನ ಎದ್ದು ಹೋಗ್ಬೇಕು. ಮೂರ್ ವಾರ ಯಾರರ ಇಡ್ತಾರೇನೋ? ನಾ ನಿನಗ ಹೇಳಿಲ್ಲೇನು ಬೇಟಾ?"

ಹೇಳಿದ್ದಳೋ ಇಲ್ಲವೋ. ಅವಳ ಕೈಯನ್ನು ನೋಡಿದ್ದೆ, ಮಾತನ್ನು ಕೇಳಿದ್ದೆನೋ ಗೊತ್ತಿಲ್ಲ.

"ಈಗ ಆ ಕಾಗದಾ ಕೊಡಾವನಾ?"

"ಕೊಡ್ತೀನಿ. ಕೆಲಸ ಸಿಗಲಿಕ್ಕಿಲ್ಲ ಅಮ್ಮಾ."

ಕೆಮ್ಮು ಬಂತು, ಮುಗಿಯುವವರೆಗೆ ಇಬ್ಬರೂ ಕಾದೆವು. "ಕೊಡು," ಎಂದಳು. "ಆ ಹೆಣ್ಮಗಳು ಪಾಪ ಕೆಲಸಾ ಕೊಡ್ರಿ ಅಂತನೂ ಬರಸ್ಯಾಳಲ್ಲ. ಅದನ್ನ ಬಚ್ಚಿಟ್ರ ಅಕಿ ಹೇಳಿದ್ದು ಯಾರಿಗೆ ಮುಟ್ಟತೈತಿ?" ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಗೋದಾಮಿಗೆ ಹೋಗಿದ್ದಳು.

ಪತ್ರದ ಪ್ರಿಂಟು ತೆಗೆಸಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಸಾಹೇಬರು ನಿಧಾನ ಓದಿದರು, ಮತ್ತೆ ಮೊದಲಿನಿಂದ ಓದಿದರು.

"ಮಳಿ ಅಂದಿದ್ರಿ ನೀವು."

"ಸುಳ್ಳು ಹೇಳಿದ್ನಿರಿ. ಅಲ್ಲೆ ಜುಲೈದಾಗ ಮಳಿ ಇರೂದಿಲ್ಲ."

ಅವರು ನಕ್ಕರು ಎಂದೂ ನೆನಪಿದೆ, ನಗಲಿಲ್ಲ ಎಂದೂ ನೆನಪಿದೆ. ಆಡಿದ ಮಾತು ಮಾತ್ರ ಇದು:

"ಇಲ್ಲೆ ರೈತರು ಬೀಜ ತರತಾರ. ತೇವ ಬಂತಂದ್ರ ಎಲ್ಲಾರೂ ಮಳಿ ಅಂತಾರ, ಜನವರಿದಾಗೂ ಮಳಿ ಅಂತಾರ. ನಾ ನಿಮ್ಮನ್ನ ತಗೊಳ್ಳಾಕ ಕರದದ್ದು ಆ ಮಾತು ನಂಬಲಾರದವರು ಬೇಕು ಅಂತ. ನೀವ ಅದನ್ನ ಅಂದ್ರ ಹ್ಯಾಂಗ್ರಿ?"

ನಾನು ಎದ್ದು ನಿಂತೆ.

"ಕುಂದ್ರಿ. ಸೂಪರ್‌ವೈಜರ್ ಮಾಡಾಕ ಆಗೂದಿಲ್ಲ. ಒಣ ಹಾಕೂ ಕಣದಾಗ ಹೆಣ್ಣುಮಕ್ಕಳ ಸಂಗಾಟ ನಿಂದ್ರತೀರೇನು? ಒಂದ್ ಸೀಜನ್ ನೋಡ್ತೀನಿ. ಆರ್ಡರ್ ಗೀರ್ಡರ್ ಇಲ್ಲ."

ಒಪ್ಪಿಕೊಂಡೆ. ಅಮ್ಮ ಗೋದಾಮು ಬಿಡುವಷ್ಟು ದೊಡ್ಡ ಕೆಲಸವಲ್ಲ. ಈಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಾಳೆ. ಉಳಿದ ಹೆಂಗಸರು ಡಾಕ್ಟರಮ್ಮ ಎಂದು ಆಡಿಕೊಳ್ಳುತ್ತಾರಂತೆ.

ಮೊದಲ ದಿನ ಕಣದಲ್ಲಿ ಬೀಜ ಹರವಿದ್ದರು. ಬೀಜದ ದಪ್ಪ ನನಗೆ ಜಾಸ್ತಿ ಅನ್ನಿಸಿತು, ತೆಳ್ಳಗೆ ಮಾಡಿ ಅನ್ನಲು ಬಾಯಿ ತೆರೆದೆ. ಎಲ್ಲರಿಗಿಂತ ಹಿರಿಯಳೊಬ್ಬಳು ಬೀಜ ಹರವುವ ಹಲುಬೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಸರೋವರದ ದಂಡೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡವರ ನೋಟವೂ ಹೀಗೇ ಇತ್ತೋ, ಈಗ ನಾನು ಅದನ್ನು ಅವರ ಮುಖಕ್ಕೆ ಅಂಟಿಸುತ್ತಿದ್ದೇನೋ.

"ಯವ್ವಾ, ಇದು ದಪ್ಪ ಆತೇನು? ನೀವಾದ್ರ ಏನ್ ಮಾಡ್ತೀರಿ?" ಎಂದೆ.

"ನಮ್ಮನ್ನ ಯಾಕ ಕೇಳ್ತೀರಿ ಸರ? ಓದಿ ಬಂದವರು ನೀವು," ಎಂದಳು. ಪಕ್ಕದವರು ಸೆರಗಿನ ಮರೆಯಲ್ಲಿ ನಕ್ಕರು.

ನಾನು ಹೋಗಲಿಲ್ಲ. ಅವಳು ಹಲುಬೆಯನ್ನು ಗೋಡೆಗೆ ಒರಗಿಸಿದಳು, ಕೂತು ಬೀಜದೊಳಗೆ ಕೈ ಇಳಿಬಿಟ್ಟಳು, ಬೆರಳುಗಳನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳು ಹೇಳುವುದನ್ನು ಕಾದೆ.