ಸುಣ್ಣದ ಗೆರೆ

ಸಾವಿರದ ಒಂಬೈನೂರ ಮೂವತ್ತರ ಆಚೀಚೆ, ಹುಬ್ಬಳ್ಳಿಗೆ ಕರೆಂಟು ಬಂದ ಹೊಸತರಲ್ಲಿ, ತಂತಿಗೆ ತಾಗುವ ಟೊಂಗೆ ಕಡಿಯುವ ಕೆಲಸ ಗುಲಾಬಸಾಬನದು. ದೀಪ ಹಚ್ಚುವ ಹೊತ್ತಿಗಷ್ಟೇ ಕರೆಂಟು ಬಿಡುತ್ತಿದ್ದರು. ಹಗಲೆಲ್ಲ ಅವನು ಮರದ ಮೇಲೆ. ಮೊದಲು ಟೊಂಗೆಗೆ ಹಗ್ಗ ಬಿಗಿದು, ಆಮೇಲೆ ಗರಗಸ ಹಾಕಿ, ತಂತಿಗೆ ಒಂದು ಎಲೆಯೂ ಸೋಕದಂತೆ ಕೆಳಗಿಳಿಸುತ್ತಿದ್ದ. ತನ್ನ ಕೈಯ ಮೇಲೆ ಅವನಿಗೆ ಅಭಿಮಾನವಿತ್ತು. ಇರಲಿ, ಅದೇನು ತಪ್ಪಲ್ಲ.

ಕಂಪನಿಯ ಮೇಸ್ತ್ರಿ ಮೊದಲೇ ಬಂದು, ಕಡಿಯಬೇಕಾದ ಟೊಂಗೆಗೆ ಸುಣ್ಣದ ಗೆರೆ ಎಳೆದು ಹೋಗುವುದು ವಾಡಿಕೆ. ಗೆರೆ ಬಿದ್ದ ಮೇಲೆ ಮನೆಯವರದು ಮಾತಿಲ್ಲ. ಕಡಿದ ಕಟ್ಟಿಗೆ ಕಡಿದವನಿಗೆ, ಅದೂ ವಾಡಿಕೆಯೇ. ಈ ಎರಡು ವಾಡಿಕೆಗಳ ನಡುವೆ ಮನುಷ್ಯ ನೆಟ್ಟಗಿರುವುದು ಎಷ್ಟು ಕಷ್ಟವೆಂದು ಯಾರೂ ಯೋಚಿಸಲಿಲ್ಲ ನೋಡಿ.

ಆ ವರ್ಷ ಮಗಳು ಅಬೀದಾಳ ಮದುವೆ ಗೊತ್ತಾಯಿತು. ಬೀಗ ಬಂದೇನವಾಜ ಧಾರವಾಡದ ಅತ್ತರಿನ ವ್ಯಾಪಾರಿ, ದೊಡ್ಡ ಬಳಗದವನು. ದೊಡ್ಡ ಹಂಡೆಗಳ ಅಡುಗೆಗೆ ಹುಣಸೆ ಕಟ್ಟಿಗೆಯೇ ಆಗಬೇಕು, ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಗುಲಾಬಸಾಬನ ಹಿತ್ತಲಲ್ಲಿ ಬೇವಿನ ಪುಳ್ಳೆ ಬಿಟ್ಟರೆ ಏನೂ ಇರಲಿಲ್ಲ. ಅಡುಗೆ ಅರ್ಧಕ್ಕೆ ನಿಂತು ಬೀಗರ ಮುಂದೆ ಮಾನ ಹೋದರೆ ಎಂಬ ಚಿಂತೆ ಅವನನ್ನು ತಿನ್ನತೊಡಗಿತು.

ಅಷ್ಟರಲ್ಲಿ ಶಿವಲಿಂಗವ್ವನ ಹುಣಸೆಮರದ ಸರದಿ ಬಂತು. ಗಂಡ ತೀರಿದ ಮೇಲೆ ಆಕೆಯ ಜೀವನ ಆ ಮರದ ಮೇಲೆಯೇ. ಹಣ್ಣು ಬಡಿದು, ಬೀಜ ತೆಗೆದು, ದುರ್ಗದಬೈಲಿನಲ್ಲಿ ಕೂತು ಮಾರುತ್ತಿದ್ದಳು. ಮೇಸ್ತ್ರಿಯ ಗೆರೆ ಬೀದಿ ಕಡೆಯ ಸಣ್ಣ ಟೊಂಗೆಯೊಂದಕ್ಕೆ ಬಿದ್ದಿತ್ತು. ಮನೆಯ ಕಡೆ ಚಾಚಿದ ದೊಡ್ಡ ಟೊಂಗೆಗೂ ತಂತಿಗೂ ಸಂಬಂಧವೇ ಇರಲಿಲ್ಲ; ಅದರ ತುಂಬ ಎಳೆಗಾಯಿ. ಗುಲಾಬಸಾಬ ಸುತ್ತ ನೋಡಿದ. ಎಲೆಅಡಿಕೆಗೆಂದು ಇಟ್ಟುಕೊಂಡಿದ್ದ ಸುಣ್ಣದ ಡಬ್ಬಿ ತೆಗೆದು ಆ ಟೊಂಗೆಗೂ ಒಂದು ಗೆರೆ ಎಳೆದುಬಿಟ್ಟ.

ಗರಗಸದ ಸದ್ದಿಗೆ ಶಿವಲಿಂಗವ್ವ ಓಡಿಬಂದಳು. "ಅಯ್ಯ ತಮ್ಮಾ, ಅದನ್ಯಾಕ ಕಡ್ಯಾಕತ್ತಿ? ಕಾಯಿ ಎಲ್ಲಾ ಅದರಾಗ ಐತಲ್ಲೋ!"

"ನಾ ಏನ್ ಮಾಡ್ಲಿರಿ ಅಕ್ಕಾರ? ಗೆರಿ ಬಿದ್ದೈತಿ ನೋಡ್ರಿ. ಕಂಪನ್ಯಾವ್ರು ಮರಾನಽ ಬುಡಸಮೇತ ಕಡಿ ಅಂದಿದ್ರು. ನಾ ಕೈಕಾಲು ಹಿಡದು ಅರ್ಧಾ ಉಳಿಸೇನಿ."

ಕೊನೆಯ ಮಾತು ಹೇಳುವ ಅಗತ್ಯವೇ ಇರಲಿಲ್ಲ. ಸುಳ್ಳು ಬಾಯಿಗೆ ಬಂದಾಗ ಒಂದಕ್ಕೇ ನಿಲ್ಲುವುದಿಲ್ಲವಲ್ಲ! ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನಗ ದೇವ್ರು ಛಲೋ ಮಾಡ್ಲಿ" ಎಂದು ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಮಹಾರಾಯ ಅದನ್ನೂ ಕುಡಿದ.

ನಾಲ್ಕೈದು ತಿಂಗಳಲ್ಲಿ ಕಟ್ಟಿಗೆ ಚೆನ್ನಾಗಿ ಒಣಗಿತು, ಮದುವೆಯ ದಿನ ಒಲೆಗಳು ಭರ್ಜರಿಯಾಗಿ ಉರಿದವು. ನಿಕಾಹ್ ಮುಗಿದು ಬೀಗರು ಊಟ ಹೊಗಳುತ್ತ ಕೂತಿದ್ದಾಗ ಶಿವಲಿಂಗವ್ವ ಒಂದು ಬುಟ್ಟಿ ಹುಣಸೆಹಣ್ಣು ಹೊತ್ತು ಬಂದಳು. ನೇರ ಬಂದೇನವಾಜನ ಹತ್ತಿರ ಹೋಗಿ, "ನಿಮ್ಮ ಬೀಗರು ಭಾಳ ದೊಡ್ಡ ಮನುಷ್ಯಾರ್ರಿ. ಇವ್ರು ಇರದಿದ್ರ ನನ್ನ ಮರಾನಽ ಇರತಿದ್ದಿಲ್ಲ. ಈ ವರ್ಷ ಹಣ್ಣು ಕಡಿಮಿ ಖರೇ, ಆದ್ರೂ ಮದ್ವಿ ಮನಿಗೆ ಅಂತ ಇಷ್ಟು ತಂದೇನಿ" ಎಂದಳು.

ಬಂದೇನವಾಜ ಎದ್ದು ಗುಲಾಬಸಾಬನ ಕೈ ಹಿಡಿದುಕೊಂಡ. "ಇಂಥಾ ಮನಿ ಹೆಣ್ಣು ತಂದ್ಕೊಂಡೇವಿ, ನಮ್ಮ ನಸೀಬ ದೊಡ್ಡದು" ಎಂದ.

ನಾಚಿಕೆಯಿಂದ ಗುಲಾಬಸಾಬನ ಮೈ ಹಿಡಿಯಾಯಿತು. ಬೀಗರ ಮುಂದೆ ಮಾನ ಉಳಿಯಲೆಂದೇ ಕದ್ದಿದ್ದ. ಈಗ ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಬುಟ್ಟಿಯನ್ನು ನೋಡುತ್ತ ಸುಮ್ಮನಿರಲು ಅವನಿಂದ ಆಗಲಿಲ್ಲ.

"ಅಕ್ಕಾರ, ಆ ಗೆರಿ ಮೇಸ್ತ್ರಿ ಎಳದದ್ದಲ್ರಿ. ನಾನಽ ಎಳದಿದ್ದೆ. ಮರಾ ಕಡೀರಿ ಅಂತ ಯಾರೂ ಅಂದಿದ್ದಿಲ್ಲ. ಒಲಿಯಾಗ ಉರ್ಯಾಕತ್ತಿದ್ದು ನಿಮ್ಮ ಟೊಂಗಿ."

ಬಂದೇನವಾಜನ ಹಿಡಿತ ಸಡಿಲವಾಯಿತು. ಶಿವಲಿಂಗವ್ವ ಒಲೆಯ ಕಡೆ ನೋಡುತ್ತ ನಿಂತಳು.

"ಮಗಳ ಮದ್ವಿಗೆ ಕಟಗಿ ಬೇಕು ಅಂದಿದ್ರ ನಾ ಕೊಡತಿದ್ದಿಲ್ಲೇನು?"

ಗುಲಾಬಸಾಬ ಎಲೆಅಡಿಕೆಯ ತಟ್ಟೆ ಹಿಡಿದು ಮುಂದೆ ಬಂದ. ಆಕೆ ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. ಹೆಂಗಸರ ಕಡೆ ಹೋಗಿ ಅಬೀದಾಳ ಕೈಯಿಂದ ಎಲೆ ಇಸಿದುಕೊಂಡು, ಅವಳ ತಲೆ ನೇವರಿಸಿ, ಹುಣಸೆಹಣ್ಣನ್ನು ಅಲ್ಲಿಯೇ ಸುರಿದು, ಬರಿದಾದ ಬುಟ್ಟಿಯೊಂದಿಗೆ ಮನೆಗೆ ಹೋದಳು.