ಜೀನತಕ್ಕ ಹೊಲಿದ ಕೊನೆಯ ಪುಟಗಳು

ಬೆಳಗಿನ ನಮಾಜು ಮುಗಿಸಿ ಜೀನತುನ್ನೀಸಾ ಜಗಲಿಗೆ ಬಂದು ಕೂರುವಾಗ ಹುಣಸೂರಿನ ಆ ಬೀದಿಗೆ ಹಾಲಿನವನೂ ಬಂದಿರುವುದಿಲ್ಲ. ಹುಳ ಹಿಡಿಯದಿರಲೆಂದು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಆಮೇಲೆ ಹರಿದ ಕಾದಂಬರಿಯೊಂದನ್ನು ಕೈಗೆತ್ತಿಕೊಂಡು, ಹೊಲಿಯುವುದು ಬಿಟ್ಟು ಓದಲು ಶುರುಮಾಡುತ್ತಾರೆ.

“ಓದ್ದೆ ಹೊಲಿಯೋದು ಎಂಗೆ ಕಣ್ರೀ? ರುಚಿ ನೋಡ್ದೆ ಸಾರು ಇಳಿಸ್ತಾರಾ?”

ಐವತ್ತೆಂಟರ ಈಕೆ ಬೈಂಡಿಂಗ್ ಕಲಿತದ್ದು ತಂದೆ ನಿಜಾಮುದ್ದೀನರಿಂದ. ತಂದೆ ಕಚೇರಿಗಳ ದಫ್ತರ ಹೊಲಿದರು. ಮಗಳ ಪಾಲಿಗೆ ಬಂದದ್ದು ಪ್ರೇಮ. ಬಸ್ ನಿಲ್ದಾಣದ ಬಳಿ ರೇಣುಕಾಪ್ರಸಾದ್ ನಡೆಸುವ ಬಾಡಿಗೆ ಪುಸ್ತಕದಂಗಡಿಯಿಂದ ವಾರಕ್ಕೆ ಮೂವತ್ತು ಪುಸ್ತಕ ಬರುತ್ತವೆ, ಮುಕ್ಕಾಲು ಪಾಲು ಈಗಿನ ಲವ್ ಕಾದಂಬರಿಗಳೇ. ಬೆನ್ನು ನೋಯುತ್ತದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಸಾಲದು. ಅಭಿಪ್ರಾಯಕ್ಕೆ ಮಾತ್ರ ಮುಪ್ಪಿಲ್ಲ. “ಈಗಿನ ಹೀರೋಗಳು ಬರೀ ಸಿಟ್ಟು ಮಾಡ್ಕತಾರೆ. ಒಬ್ಬನಾದ್ರೂ ಒಂದು ಲೋಟ ಟೀ ಕಾಯ್ಸಿ ಕೊಟ್ನಾ? ಹೆಸರೂ ಎಲ್ಲಾರ್ಗೂ ಒಂದೇಯ.”

ಆ ಹೆಸರೇ ಕಳೆದ ವರ್ಷ ಅವರನ್ನು ಎಡವಿಸಿತು. ಒಂದೇ ಅಳತೆಯ ಎರಡು ಕಾದಂಬರಿ ಬಿಚ್ಚಿದ್ದರು. ಎರಡರಲ್ಲೂ ಆರ್ಯನ್, ಎರಡರಲ್ಲೂ ಅನ್ವಿತಾ. ಹೊಲಿಯುವಾಗ ಕೊನೆಯ ಹದಿನಾರು ಪುಟದ ಕಟ್ಟುಗಳು ಅದಲುಬದಲಾದವು. ಎಂಟು ತಿಂಗಳು ಓದುಗರೊಬ್ಬರೂ ಚಕಾರವೆತ್ತಲಿಲ್ಲ. ಬರೆದವರು ಬೇಕಿದ್ದರೆ ಇದನ್ನು ಹೊಗಳಿಕೆ ಎಂದುಕೊಳ್ಳಲಿ.

ಕಂಡುಹಿಡಿದವರು ಹನಗೋಡಿನ ಸುನಂದಮ್ಮ, ಹೊಗೆಸೊಪ್ಪು ಬೆಳೆಯುವ ಮನೆಯವರು. ಪುಸ್ತಕ ಹಿಡಿದು ಬಸ್ಸೇರಿ ಬಂದವರು ಜಗಳ ತೆಗೆಯಲಿಲ್ಲ. “ಜೀನತಕ್ಕ, ನೂರೆಂಬತ್ತು ಪುಟ ಅವಳ ಕೆನ್ನೆಗೆ ಬಾರಿಸ್ದೋನು ಕೊನೇಲಿ ಇದ್ದಕ್ಕಿದ್ದಂಗೆ ಒಳ್ಳೇನಾಗವ್ನೆ. ಇವನು ಬ್ಯಾರೆ ಆರ್ಯನ್ನೇ ಕಣಕ್ಕ! ಆದ್ರೆ ಸರಿ ಮಾಡ್ಬ್ಯಾಡಿ. ಅವಳು ಇವನ ಜೊತೆಗೇ ಸುಖವಾಗಿರ್ಲಿ ಬುಡಿ.”

ಜೀನತ್ ಎರಡು ದಿನ ಸೂಜಿ ಮುಟ್ಟಲಿಲ್ಲ. ತಿದ್ದಿದರೆ ಈ ಹುಡುಗಿ ಕೊನೆಗೆ ಕ್ಷಮಿಸಿ ಮತ್ತೆ ಹೊಡೆಯುವವನ ಪಾಲು. ಬಿಟ್ಟರೆ, ಇನ್ನೊಂದು ಪುಸ್ತಕದ ಹುಡುಗಿ ಮಾಡಿದ ತಪ್ಪಾದರೂ ಏನು? “ಅವಳ ಒಳ್ಳೆ ಗಂಡನ್ನ ಕಿತ್ತು ಇವಳಿಗೆ ಕೊಟ್ಟಂಗಾಗಿತ್ತು. ನಾನು ಬೈಂಡರು ಕಣ್ರೀ, ಮದುವೆ ದಲ್ಲಾಳಿ ಅಲ್ಲ.”

ಎರಡನ್ನೂ ಬಿಚ್ಚಿ ಅವರವರ ಪುಟ ಅವರವರಿಗೆ ಹೊಲಿದರು. ಹೊಡೆದವನ ಪುಸ್ತಕಕ್ಕೆ ಮಾತ್ರ ಕೊನೆಯಲ್ಲೊಂದು ಖಾಲಿ ಹಾಳೆ ಸೇರಿಸಿ ಬರೆದರು: ‘ಇವನನ್ನು ಇವಳು ಕ್ಷಮಿಸಬಾರದಿತ್ತು. ಜೀನತುನ್ನೀಸಾ, ಬೈಂಡರ್.’ ಕೆಳಗೆ ಸುನಂದಮ್ಮ ‘ನಂದೂ ಇದೇ ಮಾತು’ ಎಂದು ಬರೆದು ಸಹಿ ಹಾಕಿದರು. ಈಗ ಅಲ್ಲಿ ಇಪ್ಪತ್ಮೂರು ಸಹಿಗಳಿವೆ, ಗುರುಪುರದವರದೂ ಹಂಪಾಪುರದವರದೂ ಸೇರಿ. ನೋಡಿ ನನಗೂ ಕೈ ತುರಿಸಿತು, ಇಪ್ಪತ್ನಾಲ್ಕನೆಯದು ನನ್ನದು.

ಆಸೆ ಏನೆಂದು ಕೇಳಿದರೆ ನಾಚುತ್ತಾರೆ. “ಈ ಹಾಳೆ ಆ ಕಾದಂಬರಿ ಬರೆದೋರ ಕಣ್ಣಿಗೆ ಬಿದ್ರೆ ಸಾಕು. ಮುಂದಿನ ಪುಸ್ತಕದಲ್ಲಾದ್ರೂ ಆ ಹುಡುಗಿ ಎದ್ದು ಓಗ್ಲಿ.” ದಾರ ಪೋಣಿಸಿಕೊಡಿ ಎಂದು ಸೂಜಿಯನ್ನು ನನ್ನತ್ತ ಚಾಚುತ್ತಾರೆ. “ಅಲ್ಲೀಗಂಟ ಎಲ್ಲಾ ಲವ್ ಕಾದಂಬರಿಗೂ ಒಂದು ಖಾಲಿ ಹಾಳೆ ಜಾಸ್ತಿ ಹಾಕ್ತಾ ಇವ್ನಿ.”